ಯೂಜುವಿಗೆ ಹಾಕಿದ ಒಗ್ಗರಣೆ

ಆ ಸೀಸೆ ಕುಂಕುಮದ ಭರಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಒಳಗೆ ಅರ್ಧಕ್ಕಿಂತ ಕಡಿಮೆ ಹಸಿರು ಚಟ್ನಿ ಇತ್ತು. ಅದನ್ನು ಕೆಡಿಸಿದವಳು ನಾನು. ಬೇಕೆಂದು ಕೆಡಿಸಲಿಲ್ಲ, ಉಳಿಸಲು ಹೋಗಿ ಕೆಡಿಸಿದೆ. ಹೇಗೆ ಹೇಳಿದರೂ ಕೆಟ್ಟಿದ್ದು ಕೆಟ್ಟಿದ್ದೇ.

ಕೊರಟಗೆರೆ ಕಡೆಯ ಒಂದು ಬಡಾವಣೆಯಲ್ಲಿ ಜಪಾನಿನ ಗಂಡ ಹೆಂಡತಿ ಬಾಡಿಗೆಗೆ ಇದ್ದರು. ಗಂಡ ಕಾರ್ಖಾನೆಯಲ್ಲಿ ಮಿಷನ್ನು ಕೂರಿಸಲು ಬಂದವನು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹೆಂಡತಿಗೆ ಮೂವತ್ತೋ ಮೂವತ್ತೆರಡೋ ಇರಬಹುದು. ಅಡುಗೆಗೆ ಒಬ್ಬರು ಬೇಕು ಎಂದು ಕೇಳಿಕೊಂಡು ಬಂದರು. ನಾನು ಮಧುಗಿರಿಯಲ್ಲಿ ಮದುವೆ ಮನೆಗಳಿಗೆ ಅಡುಗೆ ಮಾಡಿಕೊಂಡಿದ್ದವಳು. ಮಂಡಿ ಹಿಡಿದುಕೊಂಡ ಮೇಲೆ ದೊಡ್ಡ ಪಾತ್ರೆ ಇಳಿಸಲು ಆಗುತ್ತಿರಲಿಲ್ಲ. ಇಬ್ಬರಿಗೆ ತಾನೆ, ಮಾಡಿದರಾಯಿತು ಎಂದು ಒಪ್ಪಿಕೊಂಡೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು.

ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವಳು ಫೋನಿಗೆ ಏನೋ ಹೇಳುತ್ತಿದ್ದಳು, ಫೋನು ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಅದನ್ನು ಕನ್ನಡದಲ್ಲಿ ಹೇಳುತ್ತಿತ್ತು. ‘ದಯವಿಟ್ಟು ಖಾರವನ್ನು ಕಡಿಮೆ ಪ್ರಮಾಣದಲ್ಲಿ ಬಳಸಿರಿ.’ ಮೊದಲ ದಿನ ನಾನು ಆ ಫೋನಿಗೇ ‘ಆಗ್ಲಿ ಸ್ವಾಮಿ’ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎರಡೇ ತಿಂಗಳಿಗೆ ಫೋನು ಬಿಟ್ಟು ನನ್ನ ಮಾತನ್ನೇ ಹಿಡಿದಳು. ‘ಬುಡು ಅಜ್ಜಿ’, ‘ಹೆಂಗೈತೆ ಅಜ್ಜಿ’ ಎನ್ನುತ್ತಿದ್ದಳು. ಬೆಂಗಳೂರಿನಿಂದ ಬಂದ ಆಫೀಸಿನವರು ಅದನ್ನು ಕೇಳಿ ಮುಖ ಮುಖ ನೋಡಿಕೊಂಡರು. ನಾನು ಅವಳನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದೆ.

ಮಾತು ಹಿಡಿದ ಹೊಸದರಲ್ಲಿ, ಚಳಿಗಾಲದಲ್ಲಿ ಹಗಲು ತೀರ ಚಿಕ್ಕದಾದ ದಿನ, ಬಚ್ಚಲಿನಲ್ಲಿ ಬಿಸಿನೀರಿನ ತೊಟ್ಟಿಗೆ ಹತ್ತು ಹನ್ನೆರಡು ನಿಂಬೆಹಣ್ಣು ತೇಲಿಬಿಟ್ಟಿದ್ದಳು. ಪಾನಕಕ್ಕೆಂದು ನಾನು ತಂದಿಟ್ಟ ಹಣ್ಣು.

‘ಇದೇನಮ್ಮಣ್ಣಿ, ತಿನ್ನೋ ಪದಾರ್ಥನ ಬಚ್ಚಲಿಗಾಕ್ತಾರಾ?’

‘ನಮ್ಮೂರಲ್ಲಿ ಯೂಜು ಹಾಕ್ತಾರೆ ಅಜ್ಜಿ. ಇಲ್ಲಿ ಯೂಜು ಇಲ್ಲ.’

‘ಇಲ್ದಿದ್ರೆ ಸೋಪಾಕ್ಕೊಂಡು ಸ್ನಾನ ಮಾಡು.’

ಯೂಜು ಎಂದರೆ ಅವರ ಕಡೆಯ ಒಂದು ನಿಂಬೆ ಜಾತಿಯ ಕಾಯಿ. ಫೋನಿನಲ್ಲಿ ಚಿತ್ರ ತೋರಿಸಿದಳು. ಉಬ್ಬುತಗ್ಗಿನ ದಪ್ಪ ಸಿಪ್ಪೆ. ನಮ್ಮ ಹೇರಳೆಕಾಯಿಯ ತಮ್ಮನ ಹಾಗಿತ್ತು. ಆ ಕಾಯಿ ಹಸಿರಾಗಿರುವಾಗಲೇ ಅದರ ಸಿಪ್ಪೆ, ಹಸಿಮೆಣಸಿನಕಾಯಿ, ಉಪ್ಪು, ಮೂರನ್ನೇ ಸೇರಿಸಿ ಅರೆದು ಇಡುತ್ತಾರಂತೆ. ಫ್ರಿಜ್ಜಿನಲ್ಲಿದ್ದ ಆ ಸೀಸೆಯ ಚಟ್ನಿ ಅದೇ. ಆ ಕಾಯಿಯ ರಸವನ್ನು ಬೇರೆ ತೆಗೆದು ಸೋಯಾ ಸಾಸಿಗೆ ಬೆರೆಸುತ್ತಾರೆ. ಅದಕ್ಕೆ ಪೊನ್ಜು ಎನ್ನುತ್ತಾರೆ. ಸೋಯಾ ಎಂದರೆ ಶಿರಾ ಸರ್ಕಲ್ಲಿನಲ್ಲಿ ಗೋಬಿ ಗಾಡಿಯವರು ಸುರಿಯುವ ಕರಿ ನೀರು ಎಂದುಕೊಂಡಿದ್ದೆ. ಅವಳ ಹತ್ತಿರ ಇದ್ದದ್ದು ಬೇರೆ. ಅದರಲ್ಲಿ ಸಮುದ್ರದ ಪಾಚಿಯ ಒಣ ಪಟ್ಟಿ ನೆನೆಹಾಕಿ, ಒಣಮೀನಿನ ಚಕ್ಕೆ ಉದುರಿಸಿ, ನಿಂಬೆ ಹಿಂಡಿ, ಬೇಯಿಸಿದ ಕೋಳಿಯನ್ನು, ಎಲೆಕೋಸನ್ನು ಅದ್ದಿ ತಿನ್ನುತ್ತಿದ್ದಳು. ಯೂಜು ಇಲ್ಲದ ಪೊನ್ಜು. ‘ಸುಳ್ಳು ಪೊನ್ಜು ಅಜ್ಜಿ’ ಎನ್ನುತ್ತಿದ್ದಳು.

ಆದರೆ ಆ ಸೀಸೆಯ ಚಟ್ನಿ ಸುಳ್ಳಲ್ಲ. ಊಟಕ್ಕೆ ಕುಳಿತಾಗ, ಅವರು ಅನ್ನ ತಿನ್ನುವ ಜೋಡಿ ಕಡ್ಡಿಯ ತುದಿಯಲ್ಲಿ ಒಂದು ಚೂರು, ಕಡಲೆಬೇಳೆಯಲ್ಲಿ ಅರ್ಧ, ತೆಗೆದು ಬಟ್ಟಲಿನ ಅಂಚಿಗೆ ಒರೆಸಿಕೊಳ್ಳುತ್ತಿದ್ದಳು. ಒಂದು ದಿನ ನಾನು ಮಾಡಿದ ಹುರುಳಿಕಟ್ಟಿನ ಸಾರಿಗೆ ಅದನ್ನು ಸೋಕಿಸಿದಳು. ಮುಚ್ಚಿದ ಕಣ್ಣು ಸುಮಾರು ಹೊತ್ತು ತೆರೆಯಲಿಲ್ಲ. ಆಮೇಲೆ ದಿನಾ ಹುರುಳಿಕಟ್ಟೇ ಬೇಕು. ಆ ಚೂರು ಹಾಕಿಕೊಂಡ ದಿನ ಬಟ್ಟಲು ಖಾಲಿ, ಇಲ್ಲದ ದಿನ ಅರ್ಧಕ್ಕೇ ಏಳುವಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಒಂದು ಚೂರು ಚಟ್ನಿಗೆ ಇಷ್ಟು ನಾಟಕವೇ ಎಂದುಕೊಂಡೆ. ಹಸಿವಾದರೆ ಎಲ್ಲ ಇಳಿಯುತ್ತದೆ ಎಂದು ನಂಬಿದವಳು ನಾನು.

ನನಗೂ ಒಂದೆರಡು ಸಲ ಕಡ್ಡಿ ಚಾಚಿದಳು. ನಾನು ಮುಖ ತಿರುಗಿಸಿದೆ. ಅಡುಗೆಯವಳು ಒಲೆಯ ಮುಂದೆ ನಿಂತು ಬಾಯಿಗೆ ಹಾಕಿಕೊಳ್ಳಬಾರದು, ಎಂಜಲಾಗುತ್ತದೆ. ನಮ್ಮತ್ತೆ ಕಲಿಸಿದ್ದು ಹಾಗೆ. ಇನ್ನೂರು ಜನರ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನಾನು ಹಬೆ ಮೂಸಿ ಹೇಳುತ್ತಿದ್ದೆ. ಯಾರೂ ನನ್ನ ಅಡುಗೆಗೆ ಉಪ್ಪು ಕೇಳಿಲ್ಲ. ಹಾಗಾಗಿ ಆ ಚಟ್ನಿಯನ್ನು ನಾನು ರುಚಿ ನೋಡಲೇ ಇಲ್ಲ. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆಷಾಢದಲ್ಲಿ ಗಂಡ ಹೆಂಡತಿ ನಾಲ್ಕು ದಿನ ಮೈಸೂರಿಗೆ ಹೋದರು. ಬೀಗದ ಕೈ ನನ್ನ ಹತ್ತಿರ. ಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲ. ಬಾಗಿಲು ತೆಗೆದರೆ ಫ್ರಿಜ್ಜಿನಿಂದ ನೀರು ಹರಿದು ಅಡುಗೆ ಮನೆಯೆಲ್ಲ ಒದ್ದೆ. ಹಾಲು ಒಡೆದಿತ್ತು. ಮೀನಿನ ವಾಸನೆ ಮೂಗು ಕಿತ್ತುಹಾಕುವಂತಿತ್ತು. ಎಲ್ಲ ಎಸೆದೆ. ಆ ಸೀಸೆ ಕೈಗೆ ಬಂತು. ಮುಚ್ಚಳದ ಒಳಗೆ ನೀರಿನ ಹನಿ ಕೂತಿತ್ತು. ಮೇಲೆ ಒಂದು ತೊಟ್ಟು ಎಣ್ಣೆಯಿಲ್ಲ. ಎಣ್ಣೆ ನಿಲ್ಲದ ಉಪ್ಪಿನಕಾಯಿ ಬೂಷ್ಟು ಹಿಡಿಯದೆ ಇರುತ್ತದೆಯೇ? ಪಾಪ, ಹೊಸ ಕಾಲದ ಹುಡುಗಿ, ಒಗ್ಗರಣೆ ಹಾಕಲು ಗೊತ್ತಿಲ್ಲ ಎಂದುಕೊಂಡೆ. ಶಿರಾದ ಗಾಣದಿಂದ ತಂದ ಕಡಲೆಕಾಯಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಕೈಬಿಚ್ಚಿ ಇಂಗು ಹಾಕಿ, ಎರಡು ಒಣಮೆಣಸಿನಕಾಯಿ ಮುರಿದುಹಾಕಿ, ಆರಿಸಿ, ಸೀಸೆಗೆ ಸುರಿದೆ. ಚೆನ್ನಾಗಿ ಕಲೆಸಿದೆ. ಬಾಯಿಗೆ ಬಟ್ಟೆ ಕಟ್ಟಿ ಎರಡು ದಿನ ತಾರಸಿಯ ಮೇಲೆ ಬಿಸಿಲಿಗಿಟ್ಟೆ. ಮೋಡ ಬಂದಾಗ ಮೆಟ್ಟಿಲು ಹತ್ತಿ ಇಳಿಸಿ, ಬಿಸಿಲು ಬಂದಾಗ ಮತ್ತೆ ಹತ್ತಿಸಿದೆ. ಆ ಮಂಡಿ ಇಟ್ಟುಕೊಂಡು.

ಅವರು ಬಂದ ದಿನ ಬಾಗಿಲಲ್ಲೇ ಹಿಡಿದು ತೋರಿಸಿದೆ.

‘ನೋಡಮ್ಮಣ್ಣಿ, ಎಲ್ಲಾ ಕೆಟ್ಟೋಯ್ತು. ಇದೊಂದ ಉಳಿಸ್ದೆ!’

ಅವಳು ಮುಚ್ಚಳ ತೆಗೆದಳು. ಮೂಸಿದಳು. ಕಿರುಬೆರಳಲ್ಲಿ ಸ್ವಲ್ಪ ನೆಕ್ಕಿದಳು. ‘ಥ್ಯಾಂಕ್ಸ್ ಅಜ್ಜಿ’ ಎಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಎಲೆಕೋಸು ಹೆಚ್ಚುತ್ತಾ ಕುಳಿತೆ. ಒಂದು ಗಂಟೆಯಾದ ಮೇಲೆ ಹೊರಗೆ ಬಂದಳು, ಮುಖ ತೊಳೆದಿದ್ದಳು. ಕನ್ನಡ ಬರುತ್ತಿದ್ದರೂ ಆ ದಿನ ಫೋನು ಹಿಡಿದು ಮಾತಾಡಿದಳು. ಫೋನು ಹೇಳಿತು: ‘ಇದು ನನ್ನ ತಾಯಿಯವರು ತಯಾರಿಸಿದ ಕೊನೆಯ ಬಾಟಲಿಯಾಗಿದೆ. ಅವರು ಕಳೆದ ವರ್ಷ ನಿಧನರಾಗಿದ್ದಾರೆ. ನೀವು ಬೇಸರಪಡಬೇಡಿರಿ.’

ಸತ್ತವಳ ಕೈಯಡುಗೆಗೆ ನಾನು ಇಂಗು ಹಾಕಿದ್ದೆ.

ಅಳಲಿಲ್ಲ. ಅತ್ತರೆ ಇಂಗು ಹೋಗುತ್ತದೆಯೇ? ಮಾರನೆಯ ದಿನ ಮಧ್ಯಾಹ್ನ ನೋಡಿದರೆ ಮೇಜಿನ ಮೇಲೆ ಒಂದು ತಟ್ಟೆಗೆ ಸೀಸೆ ಬಗ್ಗಿಸಿಕೊಂಡು, ಕಡ್ಡಿಯಲ್ಲಿ ಸಾಸಿವೆ ಕಾಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಡುತ್ತಿದ್ದಳು. ನನ್ನ ಕೈಯಲ್ಲಿ ಅಷ್ಟು ಸಣ್ಣ ಕಾಳನ್ನು ಉಗುರಿನಲ್ಲೂ ಹಿಡಿಯಲು ಆಗುವುದಿಲ್ಲ.

‘ಎಸೆದ್ಬುಡಮ್ಮಣ್ಣಿ ಅದನ್ನ.’

‘ಇಲ್ಲ ಅಜ್ಜಿ. ಒಳಗೆ ಅಮ್ಮ ಇದಾಳೆ.’

‘ಅದ ಮಾಡೋದೆಂಗೆ ಹೇಳು. ನಾನು ಮಾಡ್ಕೊಡ್ತೀನಿ.’

‘ಯೂಜು ಇಲ್ಲ.’

‘ಅದನ್ನೇ ಎಷ್ಟು ಸಲ ಹೇಳ್ತೀಯ? ಇಲ್ದಿದ್ರೆ ಬ್ಯಾಡ. ಹುಳಿಕಾಯಿಗೆ ನಮ್ಮ ಸೀಮೆಲಿ ಬರ ಬಂದಿಲ್ಲ.’

ಮೊದಲು ನಿಂಬೆಕಾಯಿಯಲ್ಲಿ ಮಾಡಿದೆವು. ಸಿಪ್ಪೆ ತೆಳ್ಳಗೆ, ತುರಿದರೆ ಏನೂ ಸಿಗಲಿಲ್ಲ. ಅವಳು ಒಂದು ಸಲ ನೆಕ್ಕಿ, ಚೆನ್ನಾಗಿದೆ ಎಂದಳು. ಎರಡನೆಯ ಸಲ ಕೈ ಚಾಚಲಿಲ್ಲ. ಅಷ್ಟು ಸಾಕಿತ್ತು ನನಗೆ. ಹೇರಳೆಕಾಯಿಯೇ ಆಗಬೇಕು, ಅದೂ ಹಸಿರು ಇರುವಾಗಲೇ. ಸಂತೆಯಲ್ಲಿ ಹಸಿರು ಹೇರಳೆಕಾಯಿ ಯಾರು ಮಾರುತ್ತಾರೆ? ಪಾವಗಡದ ಕಡೆ ಕೊಟ್ಟಿರುವ ನನ್ನ ತಂಗಿಯ ಹಿತ್ತಿಲಲ್ಲಿ ಒಂದು ಮರವಿದೆ. ಗಣೇಶನ ಹಬ್ಬ ಕಳೆದ ಮೇಲೆ ಹೋದೆ. ಮಿಡಿಗೇಶಿ ದಾಟಿದ ಮೇಲೆ ಬಸ್ಸಿನಲ್ಲಿ ಮಾತು ಅರ್ಧ ತೆಲುಗಿಗೆ ತಿರುಗುತ್ತದೆ. ತಂಗಿಯ ಮಾತೂ ಹಾಗೇ ತಿರುಗಿ ಹೋಗಿದೆ, ಹೇರಳೆಕಾಯಿಗೆ ದಬ್ಬಕಾಯಿ ಎನ್ನುತ್ತಾಳೆ.

‘ಏಮಕ್ಕಾ, ಗೌರಿಹಬ್ಬಕ್ಕೆ ಕರೆದ್ರೆ ಬರ್ದೋಳು ಈಗ ಬಂದ್ಬುಟ್ಟೆ?’

‘ಕಾಯಿ ಬೇಕು.’

‘ಅದೇ ಅಂದ್ಕಂಡೆ. ತಂಗಿ ನೋಡಕ್ಕೆ ಬರ್ತೀಯಾ ನೀನು? ಇನ್ನೊಂದೆರಡು ತಿಂಗಳು ತಡಿ, ಹಣ್ಣಾಗ್ತವೆ.’

‘ಹಸಿರೇ ಆಗ್ಬೇಕು. ಸಿಪ್ಪೆ ಮೇಲಿನ ಹಸಿರು ತುರಿಯೋಕೆ.’

‘ಒಳಗಿಂದು?’

‘ರಸ ಇದ್ರೆ ಬೇರೆ ಸೀಸೆಗೆ. ಮಿಕ್ಕಿದ್ದು ತಿಪ್ಪೆಗೆ.’

ತಂಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ‘ಪಿಚ್ಚಾ ನೀಕು, ಹುಚ್ಚಾ ನಿಂಗೆ? ಎಳೇ ದಬ್ಬಕಾಯಿ ಕಿತ್ಕಂಡೋಗಿ ತಿಪ್ಪೆಗಾಕ್ತಾಳಂತೆ! ಯಾವ ಮಾರಾಣಿ ತಿಂತಾಳಮ್ಮ ಅದ?’

‘ಅಮ್ಮನ್ನ ಕಳ್ಕೊಂಡೋಳು ತಿಂತಾಳೆ. ಕೊಡ್ತೀಯೋ ಇಲ್ವೋ?’

ತಂಗಿ ಹಿತ್ತಿಲಿಗೆ ನಡೆದಳು. ಬಿದಿರ ಗಳು ತಂದು ಬಡಿದಳು. ಇಪ್ಪತ್ತಾರು ಕಾಯಿ ಕೊಟ್ಟಳು. ಚೀಲ ಹೊತ್ತು ಬಸ್ಸು ನಿಲ್ಲುವಲ್ಲಿಗೆ ಬಂದು ಕಿಟಕಿಯಿಂದ ನನ್ನ ತೊಡೆಯ ಮೇಲೆ ಇಟ್ಟಳು. ಬೈದುಕೊಂಡೇ ಇಟ್ಟಳು. ದಾರಿಯುದ್ದಕ್ಕೂ ಸೋಲಾರಿನ ಹಲಗೆಗಳು ಹೊಳೆಯುತ್ತಿದ್ದವು, ಚೀಲದಿಂದ ಕಾಯಿಯ ಘಮ ಬರುತ್ತಿತ್ತು. ಪಕ್ಕದಲ್ಲಿ ಕುಳಿತವಳು ಉಪ್ಪಿನಕಾಯಿಗಾ ಎಂದು ಕೇಳಿದಳು. ಹೂಂ ಎಂದೆ.

ಅರೆಯುವುದು ಅವಳ ಮನೆಯಲ್ಲೇ. ಹಸಿರು ಎಷ್ಟಿದೆಯೋ ಅಷ್ಟನ್ನೇ ತುರಿಯಬೇಕು, ಬಿಳಿ ಬಂದರೆ ಕಹಿ. ಅವಳ ತುರಿಮಣೆ ಅಂಗೈಯಷ್ಟು, ಹಲ್ಲು ಇರುವೆಯ ಕಾಲಿನಷ್ಟು ಸಣ್ಣ. ನಾನು ಒತ್ತಿ ತುರಿಯುತ್ತಿದ್ದೆ, ಅವಳು ನನ್ನ ಮಣಿಕಟ್ಟು ಹಿಡಿದು ‘ಮೆಲ್ಲಗೆ ಅಜ್ಜಿ, ಮೆಲ್ಲಗೆ’ ಎನ್ನುತ್ತಿದ್ದಳು. ನನ್ನ ಕೈ ಹಿಡಿದು ಕೆಲಸ ಕಲಿಸಿದವರು ನಮ್ಮತ್ತೆಯ ನಂತರ ಯಾರೂ ಇರಲಿಲ್ಲ. ಇಪ್ಪತ್ತಾರು ಕಾಯಿಗೆ ಒಂದು ಹಿಡಿ ಹಸಿರು ಬಂತು. ಮೆಣಸಿನಕಾಯಿಯ ಬೀಜ, ನಾರು ತೆಗೆದು ಸಣ್ಣಗೆ ಕೊಚ್ಚಿದೆವು. ಕೈಗವಸು ಕೊಟ್ಟಳು, ನಾನು ಹಾಕಿಕೊಳ್ಳಲಿಲ್ಲ. ಸಂಜೆಯವರೆಗೆ ಕೈ ಉರಿಯಿತು. ಒಳಗೆಲ್ಲ ಗೀರು ಗೀರಿದ್ದ ಮಣ್ಣಿನ ಬೋಗುಣಿಯಲ್ಲಿ ಮರದ ತುಂಡಿನಿಂದ ಅರೆದೆವು. ನಾನು ಬೋಗುಣಿ ಹಿಡಿದರೆ ಅವಳು ಅರೆಯುವಳು, ಅವಳು ಹಿಡಿದರೆ ನಾನು. ಅಷ್ಟು ಹೊತ್ತೂ ಅವಳು ಏನೋ ಹಾಡಿನ ಹಾಗೆ ಗುನುಗುತ್ತಿದ್ದಳು. ನಾನೂ ರಾಗಿ ಬೀಸುವಾಗ ಗುನುಗುತ್ತಿದ್ದದ್ದನ್ನು ಶುರುಮಾಡಿದೆ. ಎರಡೂ ಒಂದಕ್ಕೊಂದು ಸೇರಲಿಲ್ಲ. ಯಾರೂ ನಿಲ್ಲಿಸಲಿಲ್ಲ.

ಉಪ್ಪು ಎಷ್ಟು ಎಂದು ಕೇಳಿದಾಗ ಅವಳಿಗೂ ಗೊತ್ತಿರಲಿಲ್ಲ. ಅವರಮ್ಮ ಅಳೆದು ಹಾಕಿದವರಲ್ಲವಂತೆ.

‘ನೆಕ್ಕು ಅಜ್ಜಿ, ಹೇಳು.’

‘ನಾನು ಮೂಸಿ ಹೇಳ್ತೀನಿ.’

‘ಇದು ಮೂಸಿ ಗೊತ್ತಾಗಲ್ಲ. ಬಾಯಿ ಬುಡು.’

ನನ್ನ ದವಡೆ ಹಿಡಿದು ನಾಲಿಗೆಗೆ ಹಚ್ಚಿಯೇಬಿಟ್ಟಳು. ಮೊದಲು ಉಪ್ಪು. ಆಮೇಲೆ ಖಾರ. ಕೊನೆಗೆ ಮೂಗಿನ ಒಳಗಿನಿಂದ ಮೇಲಕ್ಕೆ ಘಮ ಏರಿ ಕಣ್ಣಲ್ಲಿ ನೀರು ಬಂತು. ಅಡುಗೆ ನಡೆಯುವಾಗಲೇ ನಾನು ರುಚಿ ನೋಡಿದ್ದು ಅದೇ ಮೊದಲು. ಅರವತ್ತೆಂಟು ವಯಸ್ಸಿಗೆ.

‘ನಿಮ್ಮಮ್ಮಂದು ಇಂಗೇ ಇತ್ತಾ?’

‘ಗೊತ್ತಿಲ್ಲ. ಒಂದು ತಿಂಗಳು ಬುಡಬೇಕು. ಆಮೇಲೆ ಗೊತ್ತಾಗ್ತದೆ.’

ಒಂದು ತಿಂಗಳು ಆ ಮನೆಯ ಫ್ರಿಜ್ಜನ್ನು ನಾನು ನಂಬಲಿಲ್ಲ. ಮತ್ತೆ ಕರೆಂಟು ಹೋದರೆ? ಹೊಸ ಚಟ್ನಿಯ ಸೀಸೆಯನ್ನು ನಮ್ಮ ಮನೆಗೆ ಒಯ್ದು ನೀರಿನ ಗಡಿಗೆಯ ಪಕ್ಕ ತಂಪಿನಲ್ಲಿಟ್ಟೆ. ಮಗಳಿಗೆ ಮುಟ್ಟಬೇಡ ಎಂದು ಹೇಳಿದೆ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಒಂದು ಸಲ ನೋಡುತ್ತಿದ್ದೆ. ಹಸಿರು ಮೆಲ್ಲಗೆ ಮಂಕಾಗುತ್ತಾ ಬಂತು. ಅದು ಹಾಗೇ ಆಗಬೇಕು ಎಂದಿದ್ದಳು. ಅಲ್ಲಿ ಅವಳು ಇಂಗು ಬಿದ್ದ ಸೀಸೆಯನ್ನು ಮುಗಿಸುತ್ತಿದ್ದಳು, ಮೊಸರನ್ನಕ್ಕೆ ಹಾಕಿಕೊಂಡು. ಮೊಸರನ್ನಕ್ಕೆ ಚೆನ್ನಾಗಿದೆ ಎಂದು ನನ್ನನ್ನು ಸಮಾಧಾನ ಮಾಡಿದಳು. ತಳ ಬಳಿದ ದಿನ ಸೀಸೆಯನ್ನು ತೊಳೆಯಲು ನನ್ನ ಕೈಗೆ ಕೊಡಲಿಲ್ಲ, ತಾನೇ ತೊಳೆದುಕೊಂಡಳು.

ದೀಪಾವಳಿಗೆ ಇನ್ನೂ ವಾರ ಇರುವಾಗ ಅವಳ ಗಂಡನಿಗೆ ಊರಿಗೆ ವಾಪಸು ಬರಲು ಕಂಪನಿಯವರು ಹೇಳಿದರು. ಮಿಷನ್ನಿನ ಕೆಲಸ ಮುಗಿದಿತ್ತಂತೆ. ಒಂದು ವರ್ಷವೂ ತುಂಬಲಿಲ್ಲ. ಹೊರಡುವ ಬೆಳಿಗ್ಗೆ ನಾನು ನಾಲ್ಕಕ್ಕೇ ಎದ್ದು ಹುರುಳಿ ಬೇಯಿಸಿ ಕಟ್ಟು ಬಸಿದು ಕ್ಯಾರಿಯರಿಗೆ ತುಂಬಿಕೊಂಡೆ. ಸೀಸೆಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೊದಲ ಬಸ್ಸು ಹಿಡಿದೆ.

ಮನೆಯಲ್ಲಿ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಬಟ್ಟಲೆಲ್ಲ ಕಟ್ಟಿಟ್ಟಿದ್ದರು. ಕ್ಯಾರಿಯರಿನ ಮುಚ್ಚಳಕ್ಕೇ ಬಿಸಿ ಕಟ್ಟು ಬಗ್ಗಿಸಿದೆ. ಅವಳು ನೆಲದ ಮೇಲೆ ಕುಳಿತು ಬೆರಳ ತುದಿಯಲ್ಲಿ ಚಟ್ನಿ ತೆಗೆದು ಅಂಚಿಗೆ ಒರೆಸಿ ಕುಡಿದಳು. ನಾನು ನಿಂತೇ ಇದ್ದೆ. ಮದುವೆಗೆ ಎಷ್ಟೋ ಸಾವಿರ ಜನಕ್ಕೆ ಬಡಿಸಿದ್ದೇನೆ, ಉಂಡವರ ಮುಖ ನೋಡಲು ನಾನು ಯಾವತ್ತೂ ನಿಂತವಳಲ್ಲ.

ಅರ್ಧ ಕುಡಿದು ತಲೆ ಎತ್ತಿದಳು.

‘ಅಮ್ಮಂದಲ್ಲ ಅಜ್ಜಿ.’

ಹತ್ತಿರ ಬಂದಿದೆ ಎಂದೋ, ಪರವಾಗಿಲ್ಲ ಎಂದೋ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಅದೇ ಬೇಕಿತ್ತು.

‘ಏನು ಕಮ್ಮಿ ಆಗೈತೆ ಹೇಳು.’

ಅವಳು ಇನ್ನೊಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಕೈಯನ್ನು ಮೂಗಿನ ಹತ್ತಿರ ತಂದು ಗಾಳಿಯಲ್ಲಿ ಏನೋ ತಿರುವಿ ತೋರಿಸಿದಳು. ಕನ್ನಡದಲ್ಲಿ ಸಿಗಲಿಲ್ಲ. ಫೋನು ತೆಗೆದು ಅವಳ ಮಾತಿನಲ್ಲಿ ಉದ್ದಕ್ಕೆ ಹೇಳಿದಳು. ಫೋನು ‘ಕ್ಷಮಿಸಿ, ಮತ್ತೊಮ್ಮೆ ಹೇಳಿ’ ಎಂದಿತು. ಅವಳು ಫೋನನ್ನು ಪೆಟ್ಟಿಗೆಯ ಮೇಲೆ ಬೋರಲಿಟ್ಟಳು. ಅಷ್ಟರಲ್ಲಿ ಗಂಡ ಒಳಗೆ ಬಂದು ಕಾರು ಬಂತು ಎಂದ. ಮುಚ್ಚಳದಲ್ಲಿದ್ದ ಕಟ್ಟನ್ನು ಒಂದೇ ಸಲಕ್ಕೆ ಎತ್ತಿ ಕುಡಿದಳು. ಅಂಚನ್ನು ಬೆರಳಲ್ಲಿ ಬಳಿದು ನೆಕ್ಕಿದಳು. ಸೀಸೆಯನ್ನು ಸಾಕ್ಸಿನೊಳಗೆ ತೂರಿಸಿ, ಆ ಸಾಕ್ಸನ್ನು ಸ್ವೆಟರಿನೊಳಗೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟಳು. ನನ್ನ ಕಾಲು ಮುಟ್ಟಲು ಬಗ್ಗಿದಳು. ಬೇಡ ಎಂದು ತೋಳು ಹಿಡಿದೆ. ಆ ತೋಳು ಬಂದಾಗ ಇದ್ದದ್ದಕ್ಕಿಂತ ಸಣ್ಣಗಿರಲಿಲ್ಲ. ಅದು ಮಾತ್ರ ನನಗೆ ತೃಪ್ತಿ.

ಊರಿಗೆ ಹೋದ ಮೇಲೆ ಅಮ್ಮಣ್ಣಿ ನನ್ನ ಮಗಳ ಫೋನಿಗೆ ಎರಡು ಸಲ ಕರೆ ಮಾಡಿದಳು. ಮೊದಲ ಸಲ ನನ್ನ ಮಂಡಿ ವಿಚಾರಿಸಿದಳು. ಸೀಸೆ ಒಡೆಯದೆ ಹೋಯಿತಾ ಎಂದು ನಾನು ಕೇಳಿದೆ.

‘ಮುಗೀತು ಅಜ್ಜಿ! ಹದಿನೈದು ದಿನಕ್ಕೇ.’

ಅಮ್ಮನ ಸೀಸೆಯನ್ನು ವರ್ಷಗಟ್ಟಲೆ ಚೂರು ಚೂರು ತಿಂದವಳು ನನ್ನದನ್ನು ಹದಿನೈದು ದಿನಕ್ಕೆ ಬಳಿದು ತಿಂದಿದ್ದಳು. ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಮುಗಿದರೆ ಮತ್ತೆ ಸಿಗುತ್ತದೆ ಎನ್ನುವುದನ್ನು ಜನ ಹಾಗೆ ತಿನ್ನುತ್ತಾರೆ. ಏನು ಕಮ್ಮಿಯಾಗಿತ್ತು ಎಂದು ಆಗಲೇ ಕೇಳಬಹುದಿತ್ತು. ಮಗಳು ಪಕ್ಕದಲ್ಲಿ ನಿಂತು ಕೆಲಸಕ್ಕೆ ಹೊತ್ತಾಯಿತು ಎಂದು ಸನ್ನೆ ಮಾಡುತ್ತಿದ್ದಳು. ಇನ್ನೊಂದು ಸಲಕ್ಕೆ ಕೇಳಿದರಾಯಿತು ಎಂದುಕೊಂಡೆ. ಎರಡನೆಯ ಸಲ ಅವಳೇ ಅವಸರದಲ್ಲಿದ್ದಳು. ಗಂಡನಿಗೆ ಇನ್ನೊಂದು ದೇಶಕ್ಕೆ ಹೋಗಬೇಕಾಗಿದೆ ಎಂದಳು. ಯಾವ ದೇಶ ಎಂದು ಹೇಳಿದಳು, ನನಗೆ ಬಾಯಿ ತಿರುಗಲಿಲ್ಲ. ಆಮೇಲೆ ಆ ನಂಬರು ಹೋಗುವುದಿಲ್ಲ.

ಇದಾಗಿ ನಾಲ್ಕು ವರ್ಷ. ಈಗ ನನಗೆ ಕೆಲಸವಿಲ್ಲ. ಗಣೇಶನ ಹಬ್ಬ ಕಳೆದ ಮೇಲೆ ತಂಗಿಯ ಮನೆಗೆ ಹೋಗುತ್ತೇನೆ. ಈಗ ಯಾರಿಗೆ ಎಂದು ಅವಳು ಕೇಳುವುದಿಲ್ಲ, ಗಳು ತರುತ್ತಾಳೆ. ಒಂದು ವರ್ಷ ಉಪ್ಪು ತಗ್ಗಿಸಿ ಮಾಡಿದೆ. ಒಂದು ವರ್ಷ ಮೆಣಸಿನಕಾಯಿ ಬದಲಾಯಿಸಿದೆ. ಅಮ್ಮಣ್ಣಿ ಮೂಗಿನ ಹತ್ತಿರ ಕೈ ತಿರುವಿದ್ದು ಘಮಕ್ಕೋ, ಕಹಿಗೋ, ಇನ್ನು ಯಾವುದಕ್ಕೋ ಎಂದು ಅರೆಯುವಾಗಲೆಲ್ಲ ಯೋಚಿಸುತ್ತೇನೆ. ಹೋದ ವರ್ಷ ಬಿಳಿಯನ್ನೂ ಸ್ವಲ್ಪ ಸೇರಿಸಿ ತುರಿದೆ, ಒಂದು ವೇಳೆ ಅವರಮ್ಮನ ಕೈಯೂ ಭಾರವಿತ್ತೇನೋ ಎಂದು. ಕಹಿಯಾಯಿತು. ಅದೇ ಸರಿಯಿದ್ದರೂ ಇರಬಹುದು. ಯಾರಿಗೆ ಗೊತ್ತು?

ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಮಗಳು ಸೋಪಿನ ವಾಸನೆ ಎನ್ನುತ್ತಾಳೆ. ನನಗೆ ಮಾತ್ರ ಅದಿಲ್ಲದೆ ಹುರುಳಿಕಟ್ಟು ಇಳಿಯುವುದಿಲ್ಲ, ಅರ್ಧಕ್ಕೇ ಏಳುತ್ತೇನೆ. ಏನಮ್ಮ ಇಷ್ಟು ಚಟ್ನಿಗೆ ಇಷ್ಟು ನಾಟಕ ಎಂದು ಮೊನ್ನೆ ಮಗಳು ಬೈದಳು. ಬೈಯಲಿ. ಅಮ್ಮಣ್ಣಿ ನನಗೇ ಬಿಟ್ಟುಹೋದ ಬೋಗುಣಿಯ ಇನ್ನೊಂದು ಪಕ್ಕ ಹಿಡಿದುಕೊಳ್ಳಲು ಮಗಳನ್ನು ಕರೆದರೆ ಮಿಕ್ಸಿಗೆ ಹಾಕು ಎನ್ನುತ್ತಾಳೆ. ನಾನು ಬೋಗುಣಿಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಅರೆಯುತ್ತೇನೆ.

ಈ ವರ್ಷದ್ದನ್ನು ನಿನ್ನೆ ತೆಗೆದೆ. ತಿಂಗಳು ತುಂಬಿತ್ತು. ಚೆನ್ನಾಗಿದೆ, ನನ್ನ ಬಾಯಿಗೆ. ನನ್ನ ಬಾಯಿ ಯಾವ ಲೆಕ್ಕ.